‘ಸ್ವಖುಷಿಯಿಂದ’ ಎಂಬ ಸಾಲಿನ ಬಗ್ಗೆ ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಕಂದಾಯ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ,
ಬೆಂಗಳೂರು.

ವಿಷಯ: ಹೆಣ್ಣುಮಕ್ಕಳ ಹಕ್ಕು ಬಿಡುಗಡೆ ಪತ್ರಗಳನ್ನು ನೋಂದಣಿ ಮಾಡುವ ರೀತಿ ಬದಲಾಗಬೇಕು ಎಂಬ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ದಸ್ತಾವೇಜು ಬರೆಯುವವನು. ನೋಂದಣಿ ಕಚೇರಿಯ ಎದುರಿಗೆ ಒಂದು ಬೇವಿನ ಗಿಡ, ಅದರ ಕೆಳಗೆ ನನ್ನ ಮೇಜು. 28 ವರ್ಷ ಆಯಿತು. ಮೊದಲು ಕೈಯಲ್ಲೇ ಬರೆಯುತ್ತಿದ್ದೆ, ಆಮೇಲೆ ಟೈಪ್ ಮಷಿನ್ ಬಂತು, ಈಗ ಕಂಪ್ಯೂಟರ್ ಮತ್ತು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶ. ಖರೀದಿ ಪತ್ರ, ಅಡಮಾನ, ದಾನಪತ್ರ, ಹಿಸ್ಸೆ ಪತ್ರ ಎಲ್ಲವನ್ನೂ ಬರೆದಿದ್ದೇನೆ. ಆದರೆ ಎಲ್ಲಕ್ಕಿಂತ ಸಲೀಸಾಗಿ ಮುಗಿಯುವುದು ಹಕ್ಕು ಬಿಡುಗಡೆ ಪತ್ರ. ಅಪ್ಪ ತೀರಿಕೊಂಡ ಮೇಲೆ ಅಕ್ಕತಂಗಿಯರು ತಮ್ಮ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವ ಪತ್ರ ಅದು. ಅರ್ಧ ತಾಸಿನ ಕೆಲಸ.

ಆ ಪತ್ರದಲ್ಲಿ ಒಂದು ಸಾಲು ಇರುತ್ತದೆ. ‘ಯಾರ ಒತ್ತಾಯವೂ ಇಲ್ಲದೆ, ಸ್ವಖುಷಿಯಿಂದ, ಪ್ರೀತಿ ವಿಶ್ವಾಸದಿಂದ ನನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ.’ ಈ ಸಾಲನ್ನು ನಾನು ಯಾವ ಹೆಣ್ಣುಮಗಳ ಬಾಯಿಂದಲೂ ಕೇಳಿ ಬರೆದಿಲ್ಲ. ಅದು ನನ್ನ ಕಂಪ್ಯೂಟರಿನಲ್ಲಿ ಮೊದಲೇ ಕೂತಿದೆ. ನಾನು ಹೆಸರು, ಸರ್ವೆ ನಂಬರು, ಚಕ್ಕುಬಂದಿ ಅಷ್ಟೇ ಬದಲಿಸುತ್ತೇನೆ. ಖುಷಿ ಮಾತ್ರ ಎಲ್ಲರದೂ ಒಂದೇ.

ಹೋದ ವರ್ಷ ಪಂಚಮಿ ಮುಗಿದ ಮೂರನೇ ದಿನ ಒಂದು ಕುಟುಂಬ ಬಂತು. ಮೂವರು ಅಣ್ಣತಮ್ಮಂದಿರು, ಒಬ್ಬಳು ಅಕ್ಕ. ಆಕೆಯನ್ನು ಗಡಿಯಾಚೆ ಸೊಲ್ಲಾಪುರ ಜಿಲ್ಲೆಗೆ ಕೊಟ್ಟಿದ್ದರು. ಹಬ್ಬಕ್ಕೆ ತವರಿಗೆ ಬಂದಿದ್ದಳು. ಕೈಯಲ್ಲಿ ಹಸಿರು ಬಳೆ, ಚೀಲದಲ್ಲಿ ತಮ್ಮನ ಹೆಂಡತಿ ಕಟ್ಟಿಕೊಟ್ಟ ಉಂಡಿ. ಬಸ್ಸಿಗೆ ಬಿಡುತ್ತೇವೆ ಎಂದು ಕಾರಿನಲ್ಲಿ ಕೂರಿಸಿಕೊಂಡು ಇಲ್ಲಿಗೆ ಕರೆತಂದಿದ್ದರು. ನಾನು ಪತ್ರ ತಯಾರು ಮಾಡುವಾಗ ಆಕೆ ಮೆಲ್ಲಗೆ ಕೇಳಿದಳು: ‘ಸಾಹೇಬ್ರ, ಇದರಾಗ ಎಷ್ಟು ಹೊಲ ಅದಾರಿ?’

ಉತ್ತರ ಕೊಟ್ಟದ್ದು ದೊಡ್ಡ ತಮ್ಮ. ‘ಇರೋದು ಎಷ್ಟಿದ್ರ ನಿನಗೇನ ಅಕ್ಕಾ? ನಾವಿಲ್ಲೇನು ನಿನಗ?’

ಪಹಣಿ ನನ್ನ ಮುಂದೆಯೇ ಇತ್ತು. ಒಟ್ಟು 12 ಎಕರೆ ಕರಿಭೂಮಿ. ತಾಯಿಯೂ ಇರಲಿಲ್ಲ. ನಾಲ್ಕು ಮಕ್ಕಳಿಗೆ ಹಂಚಿದರೆ ಆಕೆಗೆ 3 ಎಕರೆ ಬರುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ನನಗೆ ಹಣ ಕೊಡುವವರು ತಮ್ಮಂದಿರು. ಒಳಗೆ ಹೋದರು. ಅಧಿಕಾರಿ ‘ಸಹಿ ನಿಮ್ಮದೇನಮ್ಮಾ? ಒಪ್ಪಿಗೆ ಇದೆಯಾ?’ ಎಂದು ಕೇಳಿದರು. ‘ಹೂಂರಿ’ ಎಂದಳು. ಹಿಂದೆ ಮೂವರೂ ನಿಂತಿದ್ದರು. ಫೋಟೊ ಹೊಡೆದರು, ಹೆಬ್ಬೆಟ್ಟು ತೆಗೆದುಕೊಂಡರು. ಹೊರಗೆ ಬಂದ ಮೇಲೆ ಒಂದು ಸೀರೆ ಕೊಟ್ಟರು. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಚೀಲದಲ್ಲಿ ಇಟ್ಟುಕೊಂಡಳು.

ಇದರಲ್ಲಿ ಆ ಅಧಿಕಾರಿಯ ತಪ್ಪು ಏನೂ ಇಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. 1908ರ ನೋಂದಣಿ ಕಾಯ್ದೆಯ 34 ಮತ್ತು 35ನೇ ಕಲಮುಗಳು ಅವರಿಗೆ ಹೇಳುವುದು ಇಷ್ಟೇ: ಬಂದವರು ಅವರೇ ಹೌದಾ ನೋಡು, ಪತ್ರ ಬರೆದುಕೊಟ್ಟದ್ದನ್ನು ಒಪ್ಪುತ್ತಾರಾ ಕೇಳು, ಒಪ್ಪಿದರೆ ನೋಂದಣಿ ಮಾಡು. ಆಕೆಗೆ ತನ್ನ ಪಾಲು ಎಷ್ಟು ಅಂತ ಗೊತ್ತಾ, ಮನಸ್ಸಿನಿಂದ ಕೊಡುತ್ತಿದ್ದಾಳಾ, ಇದನ್ನೆಲ್ಲ ಕೇಳಬೇಕೆಂದು ಅಲ್ಲಿ ಬರೆದಿಲ್ಲ. ಅಧಿಕಾರಿ ಕಾಯ್ದೆ ಪಾಲಿಸಿದರು. ನಾನು ರೂಢಿ ಪಾಲಿಸಿದೆ. ನಡುವೆ 3 ಎಕರೆ ಹೋಯಿತು.

ನನ್ನನ್ನೂ ಇದರಿಂದ ಹೊರಗಿಡುವುದಿಲ್ಲ. 2009ರಲ್ಲಿ ನನ್ನ ಸ್ವಂತ ತಂಗಿಯ ಹಕ್ಕು ಬಿಡುಗಡೆ ಪತ್ರ ಬರೆದವನು ನಾನೇ. ಕಾನೂನು ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ಗೊತ್ತಿತ್ತು, ಅದಕ್ಕೇ ಬರೆಸಿಕೊಂಡೆ.

ಮಾನ್ಯರೇ, ನಮ್ಮ ಭಾಗಕ್ಕೂ ಈ ಹಕ್ಕಿನ ಮಾತಿಗೂ ಒಂದು ಹಳೆಯ ನಂಟಿದೆ. ಸುಮಾರು 900 ವರ್ಷದ ಹಿಂದೆ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ‘ಮಿತಾಕ್ಷರ’ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದ. ಕಲ್ಯಾಣ ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ವಿಜ್ಞಾನೇಶ್ವರ ನಮ್ಮ ಕಲಬುರಗಿ ಜಿಲ್ಲೆಯ ಮರತೂರಿನವನು ಎಂದು ಇಲ್ಲಿಯ ಜನ ಹೆಮ್ಮೆಯಿಂದ ಹೇಳುತ್ತಾರೆ. ಹಿರಿಯರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ, ಅಪ್ಪ ಸಾಯುವವರೆಗೆ ಕಾಯಬೇಕಿಲ್ಲ ಎಂದು ಆತ ವಾದಿಸಿದ. ಬಂಗಾಳದ ಕಡೆ ಬೇರೆ ಪದ್ಧತಿ ಇತ್ತು. ಉಳಿದ ಬಹುಪಾಲು ದೇಶ ಮಿತಾಕ್ಷರವನ್ನೇ ಹಿಡಿಯಿತು. ಬ್ರಿಟಿಷರ ಕೋರ್ಟೂ ಅದನ್ನೇ ಹಿಡಿಯಿತು.

ಆ ‘ಹುಟ್ಟಿನಿಂದ ಹಕ್ಕು’ ಮಗಳಿಗೆ ಬರಲು ಎಷ್ಟು ಕಾಲ ಹಿಡಿಯಿತು ನೋಡಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪ ಸ್ವಂತವಾಗಿ ಗಳಿಸಿದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಕೊಡಲಿಲ್ಲ. ನಮ್ಮ ರಾಜ್ಯ 1994ರ ಜುಲೈ 30ರಿಂದ ಕೊಟ್ಟಿತು. ಆದರೆ ಆ ದಿನಕ್ಕಿಂತ ಮೊದಲು ಮದುವೆಯಾದವರಿಗೆ ಇಲ್ಲ ಎಂದಿತು. ಒಂದೇ ಮನೆಯಲ್ಲಿ 1992ರಲ್ಲಿ ಮದುವೆಯಾದ ಅಕ್ಕನಿಗೆ ಇಲ್ಲ, 1996ರಲ್ಲಿ ಮದುವೆಯಾದ ತಂಗಿಗೆ ಇದೆ. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಆಮೇಲೂ ‘ಅಪ್ಪ ಆ ದಿನ ಬದುಕಿದ್ದನೋ ಇಲ್ಲವೋ’ ಎಂಬ ತಕರಾರು ನಡೆದೇ ಇತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ತೆರೆ ಎಳೆಯಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಅಪ್ಪ ಅಂದು ಬದುಕಿರಬೇಕೆಂದಿಲ್ಲ. ಕಲ್ಯಾಣದಲ್ಲಿ ಮಗನಿಗಾಗಿ ಬರೆದ ಮಾತು ಮಗಳ ತನಕ ಬರಲು 900 ವರ್ಷ ಬೇಕಾಯಿತು. ಅದನ್ನು ವಾಪಸ್ ಪಡೆಯಲು ನನ್ನ ಮೇಜಿನ ಮೇಲೆ ಅರ್ಧ ತಾಸು ಸಾಕು.

ಇಷ್ಟು ಸುಲಭವಾಗಿ ಯಾಕೆ ಆಗುತ್ತದೆ? ಹೆಣ್ಣುಮಕ್ಕಳಿಗೆ ಬುದ್ಧಿ ಇಲ್ಲ ಎಂದಲ್ಲ. ಅವರ ಲೆಕ್ಕ ಬೇರೆ. ನಮ್ಮ ಕಡೆ ತವರು ಅಂದರೆ ಸುಮ್ನೆ ಹುಟ್ಟಿದ ಮನೆ ಅಲ್ಲ. ಕುಬಸ (ಸೀಮಂತ) ಮಾಡುವವರು ತವರಿನವರು, ಮೊದಲ ಹೆರಿಗೆ ತವರಿನಲ್ಲಿ, ಮಗಳ ಮದುವೆಯಲ್ಲಿ ಸೋದರಮಾವನ ಸೀರೆ ಬೇಕು, ಗಂಡನ ಮನೆಯಲ್ಲಿ ಜಗಳವಾದರೆ ಮಾತಾಡಲು ಅಣ್ಣ ಬೇಕು. ಕೊನೆಗೆ ಆಕೆ ಸತ್ತಾಗಲೂ ತವರಿನಿಂದ ಸೀರೆ ಬರಬೇಕು. ಪಾಲು ಕೇಳಿದರೆ ಇದೆಲ್ಲ ನಿಲ್ಲುತ್ತದೆ. ಯಾರೂ ಹಾಗಂತ ಬಾಯಿಬಿಟ್ಟು ಬೆದರಿಸುವುದಿಲ್ಲ. ಬೆದರಿಸಿದ್ದರೆ ಆಕೆ ಸಿಟ್ಟಾದರೂ ಮಾಡುತ್ತಿದ್ದಳು. ‘ಮುಂದಿನ ಪಂಚಮಿಗಿ ಯಾರ ಬರತಾರ ನನ್ನ ಕರಿಯಾಕ’ ಎಂದು ಒಬ್ಬಾಕೆ ನನ್ನ ಮುಂದೆ ಅತ್ತದ್ದನ್ನು ನೋಡಿದ್ದೇನೆ. ಆಕೆಗೆ 60 ದಾಟಿತ್ತು.

ಹಾಗಂತ ಅಣ್ಣತಮ್ಮಂದಿರನ್ನೆಲ್ಲ ಕಳ್ಳರು ಎನ್ನಲಾರೆ. ನಾಲ್ಕು ಎಕರೆ ಒಣ ಬೇಸಾಯದಲ್ಲಿ ತೊಗರಿ ಬೆಳೆದು, ಅದಕ್ಕೆ ನೆಟೆ ರೋಗ ಬಿದ್ದು, ಬೆಲೆಯೂ ಬಿದ್ದ ವರ್ಷ ಅವರ ಸ್ಥಿತಿ ನಾನು ಬಲ್ಲೆ. ‘ಮದುವೆಗೆ ಕೊಟ್ಟಾಯ್ತಲ್ರಿ, ಮತ್ತೇನು ಕೊಡೋದು’ ಎನ್ನುತ್ತಾರೆ. ಆದರೆ ಕೊಟ್ಟದ್ದು ಯಾರಿಗೆ? ವರದಕ್ಷಿಣೆ ಹೋದದ್ದು ಬೀಗರ ಮನೆಗೆ. ಅದರಲ್ಲಿ ಆಕೆಯ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ. 1961ರಿಂದಲೇ ಅಪರಾಧವಾಗಿರುವ ವರದಕ್ಷಿಣೆಯನ್ನು ತೋರಿಸಿ, ಕಾನೂನು ಕೊಟ್ಟ ಪಾಲನ್ನು ವಜಾ ಮಾಡುವುದು ಯಾವ ನ್ಯಾಯ? ಕಟ್ಟೆಯ ಮೇಲೆ ಕೂರುವ ಹಿರಿಯರೂ ಇದೇ ಲೆಕ್ಕ ಹೇಳುತ್ತಾರೆ. ಅದೇ ಹಿರಿಯರು ಎಷ್ಟೋ ಜಗಳಗಳನ್ನು ಒಂದು ಸಂಜೆಯಲ್ಲಿ, ಒಂದು ಚಹಾದ ಖರ್ಚಿನಲ್ಲಿ ಬಗೆಹರಿಸಿದ್ದಾರೆ. ಬದು ಒತ್ತಿದ್ದು, ದನ ಮೇಯಿಸಿದ್ದು, ಗಂಡ ಹೆಂಡಿರ ಮುನಿಸು, ಇಂಥವಕ್ಕೆಲ್ಲ ಕೋರ್ಟಿಗೆ ಹೋಗಿದ್ದರೆ ಹೊಲ ಮಾರಬೇಕಾಗುತ್ತಿತ್ತು. ಹಾಗಾಗಿ ಕಟ್ಟೆ ಬೇಡ ಎಂದು ನಾನು ಹೇಳುವುದಿಲ್ಲ. ಕಟ್ಟೆಯಲ್ಲಿ ಮಗಳು ಕೂರುವುದಿಲ್ಲ, ಅಷ್ಟೇ ನನ್ನ ತಕರಾರು. ಆಕೆಯ ಪಾಲಿನ ಮಾತು ಆಕೆ ಇಲ್ಲದಾಗಲೇ ಮುಗಿದಿರುತ್ತದೆ. ಕಚೇರಿಗೆ ಬರುವುದು ಹೆಬ್ಬೆಟ್ಟು ಮಾತ್ರ.

ರೂಢಿಗೆ ಮಗಳ ಹಕ್ಕು ಗೊತ್ತೇ ಇರಲಿಲ್ಲ ಎಂದೂ ಅಲ್ಲ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳನ್ನು ಬಸವಿ ಬಿಟ್ಟು, ಅಂದರೆ ಮದುವೆ ಮಾಡದೆ ದೇವರ ಹೆಸರಿಗೆ ಬಿಟ್ಟು, ಆಕೆಗೆ ಮಗನ ಹಾಗೆ ಆಸ್ತಿ ಕೊಡುವ ಪದ್ಧತಿ ನಮ್ಮ ನಾಡಿನಲ್ಲಿತ್ತು. ಅದು ಹೆಣ್ಣಿನ ಬದುಕನ್ನೇ ಒತ್ತೆ ಇಟ್ಟ ಕ್ರೂರ ಪದ್ಧತಿ. 1982ರಲ್ಲಿ ಕಾಯ್ದೆ ತಂದು ನಿಷೇಧಿಸಿದ್ದು ಸರಿಯೇ. ಮನೆಗೆ ಬೇಕಾದಾಗ ಮಗಳು ಮಗನಾಗುತ್ತಿದ್ದಳು, ಅದಕ್ಕೇ ಇದನ್ನು ಹೇಳಿದೆ.

ಇನ್ನು ಒಂದೇ ಬೇವಿನ ಗಿಡದ ಕೆಳಗೆ ಎಷ್ಟು ಬಗೆಯ ಕಾನೂನು ಬರುತ್ತದೆ ಗೊತ್ತೇ? ಲಿಂಗಾಯತರು, ಬೌದ್ಧರು, ಜೈನರು, ಸಿಖ್ಖರು ಎಲ್ಲರಿಗೂ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಅನ್ವಯ. ಲಿಂಗಾಯತ, ವೀರಶೈವ ಎಂಬ ಹೆಸರು ಕಾಯ್ದೆಯ 2ನೇ ಕಲಮಿನಲ್ಲೇ ಇದೆ. ಬೀದರ ಕಡೆಯ ಕ್ರೈಸ್ತ ಕುಟುಂಬಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಅಲ್ಲಿ ಮಗ ಮಗಳು ಸಮ. ಮುಸ್ಲಿಂ ಕುಟುಂಬದಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ. ಆ ಅರ್ಧವನ್ನು ಧರ್ಮಗ್ರಂಥವೇ ಹೇಳಿದೆ, ಯಾರೂ ಇಲ್ಲ ಎನ್ನುವ ಹಾಗಿಲ್ಲ. ಆದರೂ ಬುರ್ಖಾ ಹಾಕಿದ ಅಕ್ಕ ಬಂದು ‘ಅಣ್ಣಗ ಮಾಫ್ ಮಾಡೀನ್ರಿ’ ಎಂದು ಸಹಿ ಮಾಡುತ್ತಾಳೆ. ಅಲ್ಲೂ ಕಾರಣ ಅದೇ ತವರು. ಹಬ್ಬದ ಹೆಸರು ಮಾತ್ರ ಬೇರೆ. ಕಾಯ್ದೆ ಬೇರೆ ಬೇರೆ, ಧರ್ಮ ಬೇರೆ ಬೇರೆ, ಸಹಿ ಮಾಡಿಸುವ ರೀತಿ ಒಂದೇ. ಎಲ್ಲರಿಗೂ ಒಂದೇ ಕಾಯ್ದೆ ತಂದರೆ ಎಲ್ಲ ಸರಿಹೋಗುತ್ತದೆ ಎಂದು ಟಿವಿಯಲ್ಲಿ ಕೂಗಾಡುವವರು ಒಂದು ದಿನ ನನ್ನ ಪಕ್ಕ ಬಂದು ಕೂರಲಿ. ಸಮಪಾಲು ಕೊಟ್ಟ ಕಾಯ್ದೆಯ ಅಡಿಯಲ್ಲೇ ಸೊನ್ನೆ ಪಾಲು ಬರುವುದನ್ನು ತೋರಿಸುತ್ತೇನೆ.

ಎಲ್ಲಕ್ಕಿಂತ ಕಷ್ಟದ ಸ್ಥಿತಿ ಪರಿಶಿಷ್ಟ ಪಂಗಡದ ಹೆಣ್ಣುಮಕ್ಕಳದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2ನೇ ಕಲಮಿನ ಎರಡನೇ ಉಪಕಲಮು, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಈ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯ ಇಲ್ಲ ಎನ್ನುತ್ತದೆ. ಅವರ ರೂಢಿ ಉಳಿಯಲಿ ಎಂಬ ಒಳ್ಳೆಯ ಉದ್ದೇಶ ಇದ್ದಿರಬಹುದು. ಫಲ ಏನು? ಯಾದಗಿರಿ ಜಿಲ್ಲೆಯ ಸುರಪುರದ ಕಡೆಯ ನಾಯಕರ ಮಗಳು, ಬೀದರದ ಗೊಂಡರ ಮಗಳು ಪಾಲು ಕೇಳಿದರೆ ‘ನಿಮ್ಮ ರೂಢಿ ಏನು, ಸಾಬೀತು ಮಾಡು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ರೂಢಿ ಹೇಳುವವರು ಯಾರು? ಅದೇ ಅಣ್ಣ, ಅದೇ ಕಟ್ಟೆ. ಈ ಕಲಮನ್ನು ಮತ್ತೆ ನೋಡಿ ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಕೇಂದ್ರಕ್ಕೆ ಹೇಳಿದೆ.

ಲಂಬಾಣಿ ತಾಂಡಾಗಳ ಕಥೆ ಇನ್ನೂ ಚಂದ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ, ಹಾಗಾಗಿ ಕಾಯ್ದೆ ಅನ್ವಯ. ತೆಲಂಗಾಣದಲ್ಲಿ ಅವರೇ ಪರಿಶಿಷ್ಟ ಪಂಗಡ. ಚಿಂಚೋಳಿಯ ತಾಂಡಾದ ಮಗಳಿಗೆ ಹುಟ್ಟಿನಿಂದ ಹಕ್ಕು. ಅದೇ ಮನೆಗೆ ಸೊಸೆಯಾಗಿ ಗಡಿಯಾಚೆಯಿಂದ ಬಂದವಳಿಗೆ ತನ್ನ ತವರಿನಲ್ಲಿ ಆ ಕಾಯ್ದೆಯೇ ನೇರವಾಗಿ ಸಿಗುವುದಿಲ್ಲ. ಒಂದೇ ಮಾತು, ಒಂದೇ ಉಡುಪು, ಒಂದೇ ದೇವರು ಸೇವಾಲಾಲ್. ಅತ್ತಿಗೆ ನಾದಿನಿಯರ ನಡುವೆ ಕಾನೂನಿನ ಗೋಡೆ. ಈ ಇಬ್ಬರಲ್ಲಿ ಹಕ್ಕಿರುವ ನಾದಿನಿಯೂ ಸಹಿ ಮಾಡಿಬಿಟ್ಟಿರುತ್ತಾಳೆ, ಅದು ಬೇರೆ ಮಾತು.

ಈಗ ನಿಮ್ಮ ಇಲಾಖೆಗೆ ಬರುತ್ತೇನೆ. ಕೇಂದ್ರದ ಕಾಯ್ದೆ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ತವರಿನ ಪ್ರೀತಿ ಬದಲಿಸುವುದಂತೂ ಯಾರ ಕೈಯಲ್ಲೂ ಇಲ್ಲ. ಆದರೆ ನೋಂದಣಿ ಇಲಾಖೆ ನಿಮ್ಮದು, ಪಹಣಿ ನಿಮ್ಮದು. ರೂಢಿ ಕಾನೂನಿನ ಕಾಗದವಾಗಿ ಬದಲಾಗುವುದು ನಿಮ್ಮದೇ ಮೇಜಿನ ಮೇಲೆ.

ಹೆಣ್ಣುಮಗಳು ಹಕ್ಕು ಬಿಡುವ ಪತ್ರ ಬಂದಾಗ, ಆಕೆಯನ್ನು ಒಬ್ಬಳನ್ನೇ ಕರೆದು ಐದು ನಿಮಿಷ ಮಾತಾಡಬೇಕು ಎಂದು ಒಂದು ಸುತ್ತೋಲೆ ಹೊರಡಿಸಿ. ಅಣ್ಣತಮ್ಮಂದಿರು ಹೊರಗೆ ಚಹಾ ಕುಡಿಯಲಿ. ಆಗ ಒಬ್ಬ ಮಹಿಳಾ ಸಿಬ್ಬಂದಿ ಆಕೆಗೆ ತಿಳಿಯುವ ಮಾತಿನಲ್ಲಿ ಪತ್ರ ಓದಿ ಹೇಳಲಿ. ನಮ್ಮಲ್ಲಿ ಕನ್ನಡದ ಜೊತೆಗೆ ದಖನಿ, ಲಂಬಾಣಿ, ಮರಾಠಿ, ತೆಲುಗು ಎಲ್ಲ ಇವೆ. ಇದು ಹೊಸ ಮಾತೇನಲ್ಲ. ಪರದೆಯೊಳಗಿನ ಹೆಂಗಸರ ಸಹಿಯ ಬಗ್ಗೆ ಬ್ರಿಟಿಷರ ಕಾಲದಿಂದಲೂ ಕೋರ್ಟುಗಳು ಒಂದು ನಿಯಮ ಹಿಡಿದಿವೆ: ಆಕೆ ತಿಳಿದು ಸಹಿ ಮಾಡಿದಳು ಎಂದು ತೋರಿಸುವ ಹೊಣೆ ಲಾಭ ಪಡೆದವರದು. ಓದು ಬಾರದ ಹೆಂಗಸರಿಗೂ ಅದನ್ನು ಅನ್ವಯಿಸಿದ ತೀರ್ಪುಗಳಿವೆ. ಆದರೆ ಅದು ಕೆಲಸಕ್ಕೆ ಬರುವುದು ದಾವೆ ಹೂಡಿದ ಮೇಲೆ. ತಮ್ಮನ ಮೇಲೆ ಕೋರ್ಟಿಗೆ ಹೋಗುವಷ್ಟು ಗಟ್ಟಿ ಇದ್ದವಳು ಮೊದಲೇ ಸಹಿ ಮಾಡುತ್ತಿರಲಿಲ್ಲ, ಅಲ್ವಾ? ಆ ಪ್ರಶ್ನೆ ಸಹಿಗೆ ಮೊದಲೇ ಕೇಳುವ ಹಾಗಾಗಲಿ.

ಪತ್ರದಲ್ಲಿ ಆಕೆಯ ಪಾಲು ಎಷ್ಟು ಎಕರೆ ಎಷ್ಟು ಗುಂಟೆ, ಸರ್ಕಾರಿ ಮಾರ್ಗಸೂಚಿ ದರದಲ್ಲಿ ಅದರ ಬೆಲೆ ಎಷ್ಟು ಎಂದು ಬರೆಯುವುದು ಕಡ್ಡಾಯವಾಗಲಿ. ಈಗ ‘ನನಗೆ ಬರಬಹುದಾದ ಎಲ್ಲ ಹಕ್ಕು’ ಎಂದು ಬರೆದು ಮುಗಿಸುತ್ತೇವೆ. 3 ಎಕರೆ ಎಂದು ಬರೆದು, ಅದನ್ನು ಓದಿ ಹೇಳಿ, ಆಮೇಲೂ ಆಕೆ ಕೊಡುತ್ತೇನೆ ಎಂದರೆ ಕೊಡಲಿ. ಅಂಥವರೂ ಇದ್ದಾರೆ. ನಿಜವಾಗಿ ತಮ್ಮನ ಮೇಲಿನ ಕರುಣೆಯಿಂದ ಕೊಡುವವರನ್ನು ತಡೆಯಲು ನಾವ್ಯಾರು? ಪತ್ರ ಓದಿ ಹೇಳಿದ ದಿನಕ್ಕೂ ಸಹಿಯ ದಿನಕ್ಕೂ ನಡುವೆ 30 ದಿನ ಇಟ್ಟರಂತೂ ಬಹಳ ಉಪಕಾರ. ಆಗ ಪಂಚಮಿಗೆ ಬಂದವಳನ್ನು ಬಸ್‌ಸ್ಟ್ಯಾಂಡಿನ ದಾರಿಯಿಂದ ತಿರುಗಿಸಿ ತರಲು ಬರುವುದಿಲ್ಲ. ಪತ್ರ ಓದಿ ಹೇಳಿದ ದಿನವೇ ಆಕೆಯ ಕೈಗೆ ಒಂದು ಚೀಟಿ ಕೊಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ, 1987ರ ಕಾಯ್ದೆ ಕೊಟ್ಟದ್ದು, 15100ಕ್ಕೆ ಫೋನ್ ಮಾಡಬಹುದು ಎಂದು ಅದರಲ್ಲಿರಲಿ. ನನ್ನ ಮೇಜಿಗೆ ಬಂದವರಲ್ಲಿ ಈ ನಂಬರ್ ಗೊತ್ತಿದ್ದ ಒಬ್ಬಳನ್ನೂ ನಾನು ಕಂಡಿಲ್ಲ.

ಇನ್ನೊಂದು ತುರ್ತಿನ ಮಾತು. ಸತ್ತವರ ಹೆಸರಿನಲ್ಲೇ ಉಳಿದ ಪಹಣಿಗಳನ್ನು ವಾರಸುದಾರರ ಹೆಸರಿಗೆ ಮಾಡಲು ನೀವು ಪೌತಿ ಖಾತೆ ಆಂದೋಲನ ಮಾಡುತ್ತಿದ್ದೀರಿ. ಒಳ್ಳೆಯ ಕೆಲಸ, ನನ್ನಂಥವರಿಗೆ ಕೆಲಸ ಜಾಸ್ತಿಯಾಗಿದೆ. ಆದರೆ ಇದೇ ಆಂದೋಲನ ಹೆಣ್ಣುಮಕ್ಕಳ ಹೆಸರು ಅಳಿಸುವ ಆಂದೋಲನವಾಗದಿರಲಿ. ವಂಶವೃಕ್ಷದಲ್ಲಿ ಮಗಳನ್ನೇ ಬಿಟ್ಟು ಬರೆಸಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಂದು ಮನೆಯಲ್ಲಿ ಐದು ಹೆಣ್ಣುಮಕ್ಕಳು, ವೃಕ್ಷದಲ್ಲಿ ಇಬ್ಬರು ಗಂಡುಮಕ್ಕಳು ಮಾತ್ರ. ಪಂಚರು ಸಹಿ ಹಾಕಿದ್ದರು. ಇಡೀ ಊರಿಗೆ ಆ ಐವರು ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ಪಡಿತರ ಚೀಟಿಯ ಹಳೆಯ ದಾಖಲೆ, ಶಾಲೆಯ ದಾಖಲೆ ಎಲ್ಲ ಸರ್ಕಾರದ ಹತ್ತಿರವೇ ಇವೆ, ತಾಳೆ ಹಾಕಿ. ಮಗಳ ಫೋನಿಗೆ ಆಕೆಯ ಭಾಷೆಯಲ್ಲಿ ಕರೆ ಹೋಗಲಿ. ಗ್ರಾಮ ಆಡಳಿತಾಧಿಕಾರಿಗೆ ‘ಇಷ್ಟು ದಿನದಲ್ಲಿ ಇಷ್ಟು ಖಾತೆ’ ಎಂದು ಗುರಿ ಕೊಟ್ಟರೆ, ಆತ ಸಲೀಸು ದಾರಿ ಹಿಡಿಯುತ್ತಾನೆ. ಸಲೀಸು ದಾರಿ ಯಾವುದು ಎಂದು ಮೇಲೆ ಹೇಳಿದ್ದೇನೆ.

ಹೆದ್ದಾರಿಗೆ, ಸೋಲಾರ್‌ಗೆ ಹೊಲ ಹೋಗುವ ಊರುಗಳಲ್ಲಿ ಈ ಅವಸರ ಇನ್ನೂ ಜಾಸ್ತಿ. ಪರಿಹಾರದ ಹಣ ಬರುವ ಸುದ್ದಿ ಬಂತು ಅಂದರೆ ಮರುವಾರವೇ ಅಕ್ಕತಂಗಿಯರಿಗೆ ಕರೆ ಹೋಗುತ್ತದೆ. ಅಂಥ ಸರ್ವೆ ನಂಬರುಗಳ ಬಿಡುಗಡೆ ಪತ್ರಗಳನ್ನಾದರೂ ಸ್ವಲ್ಪ ಕಣ್ಣಿಟ್ಟು ನೋಡಿ.

ನಾನು ನನ್ನ ಮೇಜಿನ ಮಟ್ಟಿಗೆ ಶುರು ಮಾಡಿದ್ದೇನೆ. ಈ ಯುಗಾದಿಯಿಂದ ಕಂಪ್ಯೂಟರಿನಲ್ಲಿದ್ದ ಆ ‘ಸ್ವಖುಷಿ’ಯ ಸಾಲು ತೆಗೆದಿದ್ದೇನೆ. ಹೆಣ್ಣುಮಗಳು ತಾನೇ ಹೇಳಿದರೆ ಬರೆಯುತ್ತೇನೆ. ಮೊದಲು ಆಕೆಗೆ ಪಹಣಿ ತೋರಿಸಿ ಪಾಲು ಹೇಳುತ್ತೇನೆ. ಇದರಿಂದ ನನ್ನ ಗಿರಾಕಿಗಳಲ್ಲಿ ಕೆಲವರು ಪಕ್ಕದ ಮೇಜಿಗೆ ಹೋಗಿದ್ದಾರೆ. ಅಲ್ಲಿ ಆ ಸಾಲು ಇನ್ನೂ ಇದೆ. ಅದಕ್ಕೇ ಇದು ಒಂದು ಮೇಜಿನ ಕೆಲಸ ಅಲ್ಲ, ಸುತ್ತೋಲೆ ಬೇಕು ಎನ್ನುತ್ತಿದ್ದೇನೆ.

ನನ್ನ ತಂಗಿಗೆ ಆಕೆಯ ಪಾಲಿನ ಹೊಲ ದಾನಪತ್ರ ಮಾಡಿಕೊಡುತ್ತೇನೆ ಎಂದು ಹೇಳಿದೆ. ‘ಜನ ಏನಂತಾರ ಅಣ್ಣಾ, ಪಾಲು ಕೇಳಿದಳು ಅಂತಾರ’ ಎಂದು ಆಕೆಯೇ ಹಿಂಜರಿದಳು. ಎರಡು ತಿಂಗಳು ಮಾತಾಡಿ ಒಪ್ಪಿಸಿದ್ದೇನೆ. ಹೊಲ ಬೇರೆ ಮಾಡಲು 11ಇ ನಕ್ಷೆಗೆ ಅರ್ಜಿ ಹಾಕಿ ನಾಲ್ಕು ತಿಂಗಳಾಯಿತು. ಭೂಮಾಪಕರು ಇನ್ನೂ ಬಂದಿಲ್ಲ. ಅದೂ ನಿಮ್ಮ ಇಲಾಖೆಯೇ. ಪಂಚಮಿಯೊಳಗೆ ಬಂದರೆ ಅನುಕೂಲವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ದಸ್ತಾವೇಜು ಬರಹಗಾರ,
ಕಲಬುರಗಿ ಜಿಲ್ಲೆ.